ಬೇಕೂಂತ ಸೋಲಬೇಡ್ರೀ!

ಎರಡು ದಿನ ಬಿಡದೆ ಮಳೆ ಹಿಡಿದರೆ ನೀವೇನು ಮಾಡ್ತೀರಿ, ಹೇಳಿ? ಒಣಗದ ಬಟ್ಟೆಗಳನ್ನು ನಡುಮನೆಯಲ್ಲಿ ಹಗ್ಗ ಕಟ್ಟಿ ನೇತು ಹಾಕ್ತೀರಿ. ಉಪ್ಪಿನ ಡಬ್ಬಿ ನೀರಾಡದ ಹಾಗೆ ಒಲೆಯ ಹತ್ತಿರಕ್ಕೆ ಸರಿಸ್ತೀರಿ. ಮನೆಯವರು ಕೇಳುವ ಮೊದಲೇ ಈರುಳ್ಳಿ ಹೆಚ್ಚಿ ಪಕೋಡಕ್ಕೆ ಎಣ್ಣೆ ಇಡ್ತೀರಿ. ಇಷ್ಟೆಲ್ಲ ಆದ ಮೇಲೂ ಮಧ್ಯಾಹ್ನ ಅನ್ನೋದು ಉದ್ದಕ್ಕೆ ಕಾಲು ಚಾಚಿಕೊಂಡು ಬಿದ್ದಿರುತ್ತದೆ. ಕರೆಂಟು ಹೋಗಿ ಟಿ.ವಿ.ಯೂ ಇಲ್ಲ. ಆಗ?

ನಾವು ನಾಲ್ವರು ಗೆಳತಿಯರು ಚೌಕಾಬಾರಕ್ಕೆ ಕೂತ್ಕೋತೀವಿ. "ಅಯ್ಯೋ, ಇಷ್ಟೇನಾ!" ಅಂತ ಪುಟ ತಿರುಗಿಸಬೇಡಿ. ನಾವು ಆಡೋದು ಗೆಲ್ಲೋದಕ್ಕೆ. ಹೊತ್ತು ಕಳೆಯೋ ಹೆಂಗಸರ ಹರಟೆಯ ಜೊತೆಗೆ ನಡೆಯುವ ಆಟ ಅಂತ ತಿಳಿದು ನಮ್ಮ ಮಧ್ಯೆ ಬಂದು ಕೂತವರು ಅರ್ಧ ಗಂಟೆಯಲ್ಲಿ ಎದ್ದು ಹೋಗಿದ್ದಾರೆ. ಅಷ್ಟು ಪೈಪೋಟಿ!

ನಮ್ಮ ಸೀಮೆಗೆ ಇಂಥ ಜಡಿಮಳೆ ಬರೋದೇ ಅಪರೂಪ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂದರೆ ಮೋಡ ಕಟ್ಟಿದರೆ ಅಂಗಳಕ್ಕೆ ಓಡಿ ಬಂದು ನೋಡುವ ಊರುಗಳು. ಮುಂಗಾರಿನ ಮೋಡಗಳು ಘಟ್ಟದ ಮೇಲೆ ಸುರಿದು ಹಗುರಾಗಿ ಬರುತ್ತವೆ. ನಮಗೆ ದಿನಗಟ್ಟಲೆ ಮಳೆ ಹಿಡಿಯುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಇತ್ತ ಹೊರಳಿದಾಗಲೇ. 2021ರ ನವೆಂಬರ್ ತಿಂಗಳು ನಿಮಗೂ ನೆನಪಿರಬೇಕು. ಕೆರೆಗಳು ಕೋಡಿ ಬಿದ್ದವು. ರಾಜ್ಯದ ಹಲವು ಜಿಲ್ಲೆಗಳಲ್ಲಿ ಶಾಲೆಗಳಿಗೆ ರಜೆ ಕೊಟ್ಟರು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ಮೊಳಕೆ ಒಡೆಯಿತು. "ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಅನ್ನುವ ಗಾದೆ ಆ ತಿಂಗಳು ಸುಳ್ಳಾಯಿತು. ನಮ್ಮೂರಿನ ಏಕಶಿಲಾ ಬೆಟ್ಟ ಇದೆಯಲ್ಲ, 3,930 ಅಡಿ ಎತ್ತರದ್ದು, ಅದು ಎದುರಿಗೇ ಇದ್ದೂ ಮೋಡದೊಳಗೆ ಕಾಣದೆ ಹೋಯಿತು. ನಾವು ನಾಲ್ವರು ಆಟಕ್ಕೆ ಕೂತದ್ದು ಆ ಮಳೆಯಲ್ಲೇ.

ನಾಲ್ವರೂ ಈಗ ಮಧುಗಿರಿಯ ಒಂದೇ ಬೀದಿಯಲ್ಲಿರೋರು. ತವರು ಮಾತ್ರ ಬೇರೆ ಬೇರೆ. ಅದಕ್ಕೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯೋದಿಲ್ಲ, ಊರು ಹಿಡಿದು ಕರೀತೀವಿ. ನಾನು ಇಲ್ಲೇ ಹುಟ್ಟಿ ಇಲ್ಲಿಗೇ ಸೊಸೆಯಾದವಳು. ನನ್ನ ಹೆಸರು 'ಮಧುಗಿರಿ'. 'ಶಿರಾ' ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ನಮಗಿಂತ ಹಿರಿಯರು. ಅವರ ಅಜ್ಜಿಯ ಕಾಲದ ಪಚ್ಚೀಸಿಯ ಬಟ್ಟೆ ಇನ್ನೂ ಅವರ ಪೆಟ್ಟಿಗೆಯಲ್ಲಿದೆ. ಕೂಡುಗುರುತಿನ ಆಕಾರದ ಆ ಬಟ್ಟೆಯ ಮೇಲೆ ಕವಡೆ ಎಸೆದು ಇಪ್ಪತ್ತೈದು ಬಿದ್ದರೆ ಅದೇ ದೊಡ್ಡ ಗರ. ಆಟದ ಹೆಸರೂ ಅದರಿಂದಲೇ ಬಂತಂತೆ. 'ಪಾವಗಡ'ದವಳಿಗೆ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಅವಳ ತಾಲ್ಲೂಕನ್ನು ಆಂಧ್ರ ಸುತ್ತುವರಿದಿದೆ ನೋಡಿ. ಚೌಕಾಬಾರಕ್ಕೆ ಅವಳು 'ಅಷ್ಟಾ ಚೆಮ್ಮಾ' ಅಂತಾಳೆ, ನಮ್ಮ ಅಳಗುಳಿಮಣೆಗೆ 'ವಾಮನ ಗುಂಟಲು' ಅಂತಾಳೆ. ಸೂರ್ಯನ ಬಿಸಿಲಿನಿಂದ 2,050 ಮೆಗಾವಾಟ್ ಕರೆಂಟು ತೆಗೆಯುವ ಊರಿನವಳು, ಮಾತೂ ಹಾಗೇ ಕಾದಿರುತ್ತದೆ. ಇನ್ನು 'ಕೊರಟಗೆರೆ'. ಅವಳ ವಿಷಯ ಆಮೇಲೆ ಹೇಳ್ತೀನಿ. ಈ ಲೇಖನ ಬರೀತಿರೋದೇ ಅವಳಿಗಾಗಿ.

ಚೌಕಾಬಾರಕ್ಕೆ ನಾಲ್ಕು ಕಡೆ, ನಾವು ನಾಲ್ಕು ಊರು. ಎಷ್ಟು ಸರಿಹೋಯಿತು ನೋಡಿ!

ಆಟ ಮರೆತವರಿಗಾಗಿ ಒಂದೆರಡು ಮಾತು. ಸೀಮೆಸುಣ್ಣದಲ್ಲಿ ಐದಕ್ಕೆ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕೂ ಅಂಚಿನ ನಡುವಿನ ಮನೆಗೆ ಮತ್ತು ಒಳಗಿನ ನಟ್ಟನಡು ಮನೆಗೆ ಅಡ್ಡ ಗೀಟು ಹಾಕಿ. ಅವು ಕಟ್ಟೆಗಳು, ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವ ಹಾಗಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಮ್ಮಲ್ಲಿ ಬಳೆಚೂರು, ಹುರುಳಿ, ಗುಂಡಿ, ಮೆಣಸಿನಕಾಯಿ ತೊಟ್ಟು, ಏನಾದರೂ ಸರಿ. ಹೊರಸುತ್ತು ಮುಗಿಸಿ, ಒಳಸುತ್ತು ತಿರುಗಿ, ನಟ್ಟನಡುವಿಗೆ ಹೋದರೆ ಕಾಯಿ ಹಣ್ಣಾಯಿತು. ಅಷ್ಟಕ್ಕೆ 24 ಹೆಜ್ಜೆ. ಆದರೆ ಬೇರೆಯವರ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶ ಇಲ್ಲ. ಈ ನಿಯಮವನ್ನು ಚೆನ್ನಾಗಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಕವಡೆ ಇಲ್ಲದಿದ್ದರೆ ಹುಣಸೆಬೀಜ. ಒಳ್ಳೆಯ ದಪ್ಪ ಬೀಜ ನಾಲ್ಕು ಆರಿಸಿ, ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ. ಬಿಳಿ ಎಷ್ಟು ಮೇಲಾದವೋ ಅಷ್ಟು ಗರ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಇವೆರಡು ಬಿದ್ದರೆ ಇನ್ನೊಂದು ಸಲ ಎಸೆಯಬಹುದು. "ಎಲ್ಲ ಅದೃಷ್ಟದ ಆಟ" ಅಂತ ನಾನು ಒಂದು ದಿನ ಅಂದದ್ದಕ್ಕೆ ಶಿರಾ ಅವರು ಮೂಗಿನ ಮೇಲಿನ ಕನ್ನಡಕ ಸರಿ ಮಾಡಿಕೊಂಡು ನೆಲದ ಮೇಲೆ ಲೆಕ್ಕ ಬರೆದೇಬಿಟ್ಟರು. ನಾಲ್ಕು ಬೀಜ ಬೀಳಲು 16 ದಾರಿ. ಅದರಲ್ಲಿ ಎರಡು ಬೀಳುವ ದಾರಿ 6, ಒಂದಕ್ಕೆ 4, ಮೂರಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಅಂದಮೇಲೆ ವೈರಿಯ ಕಾಯಿಗಿಂತ ಸರಿಯಾಗಿ ಎರಡು ಮನೆ ಮುಂದೆ ಕಾಯಿ ಇಟ್ಟು ಕೂರೋದು ಅಂದರೆ ಹುಲಿಯ ಬಾಯಿಗೆ ಕೈ ಇಟ್ಟ ಹಾಗೆ. ಐದೋ ಆರೋ ಮನೆ ಮುಂದಿದ್ದರೆ ಅವರಿಗೆ ಮೊದಲು ಚೌಕ ಬೀಳಬೇಕು, ಆಮೇಲೆ ಇನ್ನೊಂದು ಸರಿಯಾದ ಗರ ಬೀಳಬೇಕು, ನೆಮ್ಮದಿಯಾಗಿ ಕೂರಬಹುದು. "ಬೀಳೋದು ದೇವರ ಕೈಲಿ, ನಡೆಸೋದು ನಮ್ಮ ಕೈಲಿ ಕಣಮ್ಮ" ಅಂದರು ಮೇಡಂ. ಹುಣಸೆಬೀಜ ಒಂದೇ ಸಮ ಇರಲ್ಲ, ಲೆಕ್ಕ ಸ್ವಲ್ಪ ಆಚೀಚೆ ಆಗುತ್ತೆ ಅಂತಲೂ ಸೇರಿಸಿದರು. ಪಾವಗಡದವಳು ಅಂದಿನಿಂದ ಬೀಜ ಉಜ್ಜುವ ಕೆಲಸ ತನಗೇ ಬೇಕು ಅಂತ ಹಟ ಹಿಡಿದಿದ್ದಾಳೆ, ನಾವು ಕೊಟ್ಟಿಲ್ಲ!

ಈಗ ಕೊರಟಗೆರೆಯ ವಿಷಯ.

ಅವಳಷ್ಟು ಒಳ್ಳೆಯವಳನ್ನು ನೀವು ನೋಡಿರಲಿಕ್ಕಿಲ್ಲ. ಅಥವಾ ನೋಡಿರ್ತೀರಿ, ಪ್ರತಿ ಬೀದಿಯಲ್ಲೂ ಒಬ್ಬಳಿರ್ತಾಳೆ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂರೋಳು. ಒಡೆದ ದೋಸೆ ತನ್ನ ತಟ್ಟೆಗೆ ಹಾಕಿಕೊಳ್ಳೋಳು. "ನಂಗೆ ಏನಾದ್ರೂ ಆಗುತ್ತೆ ಬಿಡ್ರೀ" ಅನ್ನೋದು ಅವಳ ಬಾಯಲ್ಲಿ ಉಸಿರಿನಷ್ಟು ಸಲೀಸು. ಚೌಕಾಬಾರದಲ್ಲೂ ಹಾಗೇ. ಅವಳ ಗರ ಎರಡು, ಎರಡು ಮನೆ ಮುಂದೆ ನನ್ನ ಕಾಯಿ, ಕಡಿಯಬಹುದು. ಅವಳು ಕಡಿಯಲ್ಲ. ಇನ್ನೊಂದು ಕಾಯಿ ಎತ್ತಿ ಎಲ್ಲೋ ಮೂಲೆಗೆ ನಡೆಸ್ತಾಳೆ. ಕಡಿಯದಿದ್ದರೆ ಒಳಸುತ್ತಿಗೆ ಹೋಗೋ ಹಾಗಿಲ್ಲವಲ್ಲ, ಅವಳ ಕಾಯಿಗಳು ಹೊರಗಡೆಯೇ ಗಾಣದೆತ್ತಿನ ಹಾಗೆ ತಿರುಗುತ್ತಾ ಇರುತ್ತವೆ. ಆಟ ಮುಗಿದಾಗ ಅವಳು ನಗುತ್ತಾ ಎದ್ದು ಎಲ್ಲರಿಗೂ ಕಾಫಿ ತರ್ತಾಳೆ.

ಮೊದಲ ದಿನ ನಮಗೆ ಹಿತವಾಗೇ ಇತ್ತು. ಗೆಲ್ಲೋದು ಯಾರಿಗೆ ಬೇಡ? ಎರಡನೆಯ ದಿನ ಪಾವಗಡದವಳು ಬೀಜಗಳನ್ನು ನೆಲಕ್ಕೆ ಕುಕ್ಕಿ ಹೇಳಿದಳು: "ನೋಡೇ, ನೀನು ಬೇಕೂಂತ ಸೋಲ್ತಾ ಇದ್ದೀಯ. ನೀನು ಬಿಟ್ಟುಕೊಟ್ಟು ನಾನು ಗೆದ್ದರೆ ಅದು ಗೆಲುವೇನೇ? ನನ್ನೇನು ಚಿಕ್ಕ ಮಗು ಅಂದ್ಕೊಂಡಿದ್ದೀಯಾ? ಕಡಿಯೋ ಹಾಗಿದ್ರೆ ಆಡು, ಇಲ್ಲಾಂದ್ರೆ ಎದ್ದೋಗು."

ಎಲ್ಲರೂ ಸುಮ್ಮನಾದೆವು. ಹೊರಗೆ ಮಳೆ ಮಾತ್ರ ಮಾತಾಡ್ತಾ ಇತ್ತು. ಕೊರಟಗೆರೆಯವಳ ಮುಖ ಕೆಂಪಾಯಿತು. ಅಳ್ತಾಳೆ ಅಂದುಕೊಂಡೆ. ಅವಳು ಮೆಲ್ಲಗೆ ಅಂದಳು: "ನಂಗೆ ಅಭ್ಯಾಸ ಇಲ್ವೇ. ಮಕ್ಕಳ ಹತ್ರ ಸೋತೆ, ಅವು ಅಳಬಾರದು ಅಂತ. ಅತ್ತೆ ಹತ್ರ ಸೋತೆ, ಮನೇಲಿ ಶಾಂತಿ ಇರಲಿ ಅಂತ. ಇವರ ಹತ್ರ ಸೋತೆ, ಗಂಡಸರಿಗೆ ಬೇಜಾರಾಗುತ್ತೆ ಅಂತ. 'ಸೋತು ಗೆಲ್ಲಬೇಕು ಕಣೇ' ಅಂತ ಅಮ್ಮ ಹೇಳಿ ಕಳಿಸಿದ್ಲು. ಸೋತೆ. ಗೆಲ್ಲೋದು ಯಾವಾಗ ಅಂತ ಅಮ್ಮ ಹೇಳ್ಲಿಲ್ಲ."

ಓದುಗ ಸೋದರಿಯರೇ, ಈ ಮಾತು ನಿಮಗೂ ಎಲ್ಲೋ ತಾಗಿತಲ್ಲವೇ? ನನಗಂತೂ ತಾಗಿತು. ನಮ್ಮಲ್ಲಿ ಸೊಸೆಯಾಗಿ ಬಂದವಳಿಗೆಲ್ಲ ಈ 'ಸೋತು ಗೆಲ್ಲು' ಅನ್ನೋ ಬುದ್ಧಿಮಾತನ್ನು ಮಡಿಲಕ್ಕಿಯ ಜೊತೆಗೇ ಕಟ್ಟಿ ಕಳಿಸ್ತಾರೆ. ಅದರಲ್ಲಿ ವಿವೇಕ ಇಲ್ಲ ಅಂತ ನಾನು ಹೇಳೋದಿಲ್ಲ. ಎರಡು ಪಾತ್ರೆ ಸೇರಿದ ಕಡೆ ಸದ್ದಾಗುತ್ತದೆ. ಒಂದು ಸುಮ್ಮನಿದ್ದರೆ ಒಳ್ಳೆಯದೇ. ಆದರೆ ಯಾವಾಗಲೂ ಅದೇ ಪಾತ್ರೆ ಸುಮ್ಮನಿರಬೇಕು ಅಂದರೆ? ಕೊನೆಗೆ ಅದಕ್ಕೆ ತನ್ನ ಸದ್ದೇ ಮರೆತುಹೋಗುತ್ತದೆ.

ಶಿರಾ ಮೇಡಂ ಏನೂ ಉಪದೇಶ ಮಾಡಲಿಲ್ಲ. ಬೀಜಗಳನ್ನು ಆರಿಸಿ ಅವಳ ಅಂಗೈಗೆ ಹಾಕಿ, "ನಿನ್ನ ಸರದಿ" ಅಂದರು. ಬಿದ್ದದ್ದು ಮೂರು. ಮೂರು ಮನೆ ಮುಂದೆ ಪಾವಗಡದವಳ ಕಾಯಿ, ಹಣ್ಣಾಗೋದಕ್ಕೆ ಹೊರಟಿದ್ದ ಕಾಯಿ, ಕೂತಿತ್ತು. ಕೊರಟಗೆರೆಯವಳು ಒಂದು ಗಳಿಗೆ ನೋಡಿದಳು. ಆಮೇಲೆ ಟಪ್ ಅಂತ ಕಡಿದಳು! ಪಾವಗಡದವಳು "ಅಯ್ಯಯ್ಯೋ, ಪಾಪಿ!" ಅಂತ ಕೂಗಿಕೊಂಡದ್ದು ಮೂರು ಮನೆಗೆ ಕೇಳಿಸಿರಬೇಕು. ಕೂಗಿದವಳೂ ನಗ್ತಾ ಇದ್ದಳು, ಕಡಿದವಳೂ ನಗ್ತಾ ಇದ್ದಳು. ಆ ದಿನವೂ ಕೊರಟಗೆರೆ ಗೆಲ್ಲಲಿಲ್ಲ ಅನ್ನಿ. ಆದರೆ ಸೋಲಿಸಿಕೊಂಡು ಸೋತಳು. ಕಾಫಿ ಪಾವಗಡದವಳು ಮಾಡಿದಳು.

ಕೆಲವು ಹಿರಿಯರಿಗೆ ನಮ್ಮ ಈ ಪೈಪೋಟಿ ಹಿಡಿಸೋದಿಲ್ಲ. "ದಾಳ ಹಿಡಿದೇ ಅಲ್ಲವೇ ಪಾಂಡವರು ಕೆಟ್ಟದ್ದು?" ಅಂತ ನಮ್ಮ ಸಂಬಂಧದ ಅಜ್ಜಿಯೊಬ್ಬರು ಕೇಳಿದರು. ನಿಜವೇ. ಆದರೆ ಆ ಸಭೆಯಲ್ಲಿ ದ್ರೌಪದಿ ದಾಳ ಮುಟ್ಟಿರಲಿಲ್ಲ, ಅವಳನ್ನು ಕೇಳಿದವರೂ ಇರಲಿಲ್ಲ. ಆಡಿದವರು ಬೇರೆ, ಪಣವಾದವಳು ಬೇರೆ. ಅದೇ ಪುರಾಣಗಳಲ್ಲಿ ಕೈಲಾಸದಲ್ಲಿ ಪಾರ್ವತಿ ಶಿವನ ಎದುರು ಕೂತು ಪಗಡೆಯಾಡಿ ಅವನನ್ನು ಸೋಲಿಸ್ತಾಳೆ; ಬಲಿಪಾಡ್ಯಮಿಯ ದಿನ ಪಗಡೆ ಆಡುವ ಪದ್ಧತಿಗೆ ಆ ಕಥೆಯನ್ನೇ ಹೇಳ್ತಾರೆ. ನಾವು ದುಡ್ಡು ಕಟ್ಟೋದಿಲ್ಲ. ಸೋತವರು ಮುಂದಿನ ಸಲ ತಿಂಡಿ ತರಬೇಕು, ಅಷ್ಟೇ ಪಣ.

ಆಟ ಅಂದಮೇಲೆ ಜಗಳ ಇದ್ದದ್ದೇ. ಬೀಜ ಚಾಪೆಯ ಅಂಚಿಗೆ ಒರಗಿ ನಿಂತಿತು, ಕಪ್ಪೋ ಬಿಳಿಯೋ? ಒಂದೇ ಮನೆಯಲ್ಲಿ ಜೋಡಿ ಕೂತ ಕಾಯಿಗಳನ್ನು ಒಂಟಿ ಕಾಯಿ ಕಡೀಬಹುದೋ ಇಲ್ಲವೋ? ಪಾವಗಡದಲ್ಲಿ ಒಂದು ನಿಯಮ, ಕೊರಟಗೆರೆಯಲ್ಲಿ ಇನ್ನೊಂದು. ಒಮ್ಮೆ ಈ ಜೋಡಿ ಕಾಯಿಯ ವಿಷಯಕ್ಕೇ ಎರಡು ದಿನ ಮಾತು ಬಿಟ್ಟದ್ದೂ ಆಯಿತು. ಆಮೇಲೆ ನಾವು ನಿಯಮಗಳನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ತಗುಲಿ ಹಾಕಿದೆವು. ನೀವು ಆಡುವುದಾದರೆ ಇದನ್ನು ಮೊದಲೇ ಮಾಡಿ. ಕೂರುವ ಮೊದಲು ನಿಯಮ, ಎದ್ದ ಮೇಲೆ ಆಟದ ಮಾತಿಲ್ಲ. ಮತ್ತು ಬಹಳ ಮುಖ್ಯವಾದದ್ದು: ಆಟದ ಮಧ್ಯೆ ಯಾರೂ ಇನ್ನೊಬ್ಬರ ಮನೆಯ ಸುದ್ದಿ ಎತ್ತಬಾರದು. ಕಾಯಿ ಕಡಿದದ್ದಕ್ಕೆ ಸಿಟ್ಟು ಬಂದರೆ ಕಾಯಿಯ ಮೇಲೆಯೇ ತೀರಿಸಿಕೊಳ್ಳಬೇಕು. ಗಂಡನ ಸಾಲ, ಮಗನ ಮಾರ್ಕ್ಸು ಇವನ್ನು ಚಾಪೆಯ ಮೇಲೆ ತರಬಾರದು.

ಇಬ್ಬರೇ ಇದ್ದೀರಾ? ಹುಲಿ-ಕುರಿ ಆಡಿ. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಹಾರಿ ತಿನ್ನುತ್ತದೆ. ಆದರೆ ಕುರಿಗಳು ಒಂದಕ್ಕೊಂದು ಒತ್ತಾಗಿ ನಿಂತು ದಾರಿ ಕಟ್ಟಿದರೆ ಮೂರು ಹುಲಿಗೂ ಅಲ್ಲಾಡಲು ಜಾಗ ಇರೋದಿಲ್ಲ. ಇದರಲ್ಲಿ ಗರ ಇಲ್ಲ, ಅದೃಷ್ಟವನ್ನು ಬೈಯುವ ಹಾಗೂ ಇಲ್ಲ. ಕುರಿಯ ಕಡೆ ಕೂತು ಗೆದ್ದವರಿಗೆ ಸಿಗುವ ಸುಖವೇ ಬೇರೆ. ಇಲ್ಲವೇ ಅಟ್ಟದ ಮೇಲಿರುವ ಅಳಗುಳಿಮಣೆ ಇಳಿಸಿ. ಕರಾವಳಿಯವರು ಅದನ್ನು ಚೆನ್ನೆಮಣೆ ಅಂತಾರೆ, ಆಟಿ ತಿಂಗಳ ಮಳೆಗೇ ಅದನ್ನು ಮೀಸಲಿಟ್ಟಿದ್ದಾರೆ. ಇವೆಲ್ಲ ಬಡವರ ಮನೆಯ ಆಟ ಅಂತ ಮೂಗು ಮುರಿಯೋರಿಗೆ ಹೇಳಿ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಕೂತು ಹೊಸ ಹೊಸ ಮಣೆಯಾಟಗಳನ್ನು ಕಟ್ಟಿದವರು. ಹಂಪಿಯ ಗುಡಿಗಳ ಕಲ್ಲುಹಾಸಿನಲ್ಲಿ ಇಂಥ ಆಟದ ಮನೆಗಳನ್ನು ಕೆತ್ತಿರೋದು ಇವತ್ತಿಗೂ ಕಾಣುತ್ತದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 2007ರಿಂದ 'ಕ್ರೀಡಾ ಕೌಶಲ್ಯ' ಅನ್ನೋ ಪ್ರದರ್ಶನಗಳಲ್ಲಿ ಈ ಆಟಗಳನ್ನೆಲ್ಲ ಮತ್ತೆ ಜನರ ಮುಂದೆ ಇಟ್ಟಿದ್ದಾರೆ.

ಪಾವಗಡದವಳ ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ. ಅಲ್ಲಿ ನಮ್ಮ ಜಡಿಮಳೆಯ ಹಾಗೆ ಹಿಮ. ಬಾಗಿಲ ಮುಂದೆ ಮಂಡಿಯುದ್ದ ಬಿದ್ದರೆ ಶಾಲೆಗೆ ರಜೆ, ಕಾರು ಹೊರಡಲ್ಲ. ಅಂಥ ದಿನ ಅಕ್ಕಪಕ್ಕದ ಗೆಳತಿಯರು ಅವಳ ಮನೆಯಲ್ಲಿ ಸೇರಿ 'ಕ್ಯಾಟನ್' ಅನ್ನೋ ಆಟ ಆಡ್ತಾರಂತೆ. 1995ರಲ್ಲಿ ಜರ್ಮನಿಯಲ್ಲಿ ಬಂದ ಆಟ. ಒಂದು ದ್ವೀಪದಲ್ಲಿ ಊರು ಕಟ್ಟಬೇಕು. ಅದಕ್ಕೆ ಕುರಿ ಕೊಟ್ಟು ಇಟ್ಟಿಗೆ ತಗೊಳ್ಳೋದು, ಗೋಧಿ ಕೊಟ್ಟು ಮರ ತಗೊಳ್ಳೋದು. "ಕುರಿ ವ್ಯಾಪಾರ ನಮ್ಮೋಳಿಗೆ ಹೇಳಿಕೊಡಬೇಕಾ!" ಅಂತ ಅಮ್ಮನಿಗೆ ಹೆಮ್ಮೆ. ಅಲ್ಲಿಯ ಹೆಂಗಸರೂ ಹಾಗೇ ಕಿತ್ತಾಡ್ತಾರಂತೆ, ಆಮೇಲೆ ಒಟ್ಟಿಗೆ ಕೂತು ಸೂಪು ಕುಡೀತಾರಂತೆ. ಅಂದಹಾಗೆ, 2020ರ ಲಾಕ್‌ಡೌನಿನಲ್ಲಿ ನಮ್ಮ ಮಕ್ಕಳೆಲ್ಲ ಮೊಬೈಲಿನಲ್ಲಿ ಲೂಡೋ ಆಡಿದರಲ್ಲ, ಅದು ನಮ್ಮ ಪಚ್ಚೀಸಿಯದೇ ಮೊಮ್ಮಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿಕೊಂಡು ಹೊಸ ಹೆಸರಿಟ್ಟರು.

ಮತ್ತೆ ಕೊರಟಗೆರೆಯ ಕಥೆಗೆ ಬರ್ತೀನಿ. ಆ ಮಳೆಗಾಲ ಕಳೆದ ಮುಂದಿನ ವರ್ಷ ಅವಳ ತವರಿನಲ್ಲಿ ಆಸ್ತಿ ಭಾಗದ ಮಾತು ಬಂತು. ಅಣ್ಣ-ತಮ್ಮ ಒಂದು ಕಾಗದ ತಂದು, "ಇಲ್ಲೊಂದು ಸಹಿ ಹಾಕಮ್ಮ" ಅಂದರು. ಹಕ್ಕು ಬಿಟ್ಟುಕೊಡುವ ಪತ್ರ. ಅರಿಸಿನ ಕುಂಕುಮಕ್ಕೆ ಒಂದು ಸೀರೆಯೂ ಜೊತೆಗಿತ್ತು. ಹಿಂದಿನ ಕೊರಟಗೆರೆಯಾಗಿದ್ದರೆ ಪೆನ್ನು ಎಲ್ಲಿ ಅಂತ ಕೇಳಿರುತ್ತಿದ್ದಳು. ಈಕೆ, "ಇಟ್ಟು ಹೋಗಿ, ಓದಿ ಹೇಳ್ತೀನಿ" ಅಂದಳು. ಅಷ್ಟೇ ಮಾತು. ಅದನ್ನು ಹೇಳೋದಕ್ಕೆ ಐವತ್ತು ವರ್ಷ ಬೇಕಾಯಿತು ಅಂತ ಆಮೇಲೆ ನಮಗೆ ಹೇಳಿದಳು.

ನಿಮಗೂ ತಿಳಿದಿರಲಿ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಹಿಂದೆಯೇ ಭಾಗವಾಗಿ ಹೋಗಿರದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ತಪ್ಪುವುದಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಬಿಟ್ಟುಕೊಡುವುದು ನಿಮ್ಮ ಇಷ್ಟ. ಆದರೆ ಏನನ್ನು ಬಿಡ್ತಿದ್ದೀರಿ ಅಂತ ಓದಿ ಬಿಡಿ. ಕೊರಟಗೆರೆಯವಳು ಎಲ್ಲವನ್ನೂ ಕೇಳಲಿಲ್ಲ. ಬಾವಿಯ ಪಕ್ಕದ ಅರ್ಧ ಎಕರೆ, ಅದರ ಬದುವಿನ ಮೇಲಿನ ಎರಡು ಹುಣಸೆಮರ, ಇಷ್ಟು ನನಗಿರಲಿ ಅಂದಳು. ಅಣ್ಣ ನಾಲ್ಕು ತಿಂಗಳು ಮುಖ ಊದಿಸಿಕೊಂಡಿದ್ದ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ತಾನೇ ಬಂದ. ಚೌಕಾಬಾರದಿಂದ ಇದಾಯಿತು ಅಂತ ನಾನು ಹೇಳಲಾರೆ. ಅವಳು ಮಾತ್ರ ಹಾಗೆ ಹೇಳ್ತಾಳೆ. "ಕಡಿದರೂ ಅವಳು ಕಾಫಿ ಮಾಡಿ ಕೊಟ್ಟಳಲ್ಲ, ಆಗ ಧೈರ್ಯ ಬಂತು" ಅಂತಾಳೆ.

ಗೆದ್ದರೆ ಪ್ರೀತಿ ಕಡಿಮೆಯಾಗುತ್ತದೆ ಅನ್ನೋ ಹೆದರಿಕೆ ನಮ್ಮಲ್ಲಿ ಬಹಳ ಜನಕ್ಕೆ ಇರುತ್ತದೆ. ಅದು ನಿಜವೋ ಸುಳ್ಳೋ ನೋಡೋದಕ್ಕೆ ಗೆಳತಿಯರ ಮಧ್ಯೆ ಹಾಸಿದ ಚಾಪೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಲ್ಲಿ ಕಳಕೊಳ್ಳೋದು ಒಂದು ಬಳೆಚೂರು, ಅಷ್ಟೇ ತಾನೆ?

ಆದ್ದರಿಂದ ಮುಂದಿನ ಸಲ ಮಳೆ ಹಿಡಿದಾಗ ಹೀಗೆ ಮಾಡಿ. ಪಕ್ಕದ ಮನೆಯವರಿಗೆ ಒಂದು ಕೂಗು ಹಾಕಿ. ಹುಳಿಗೆ ಹುಣಸೆಹಣ್ಣು ಬಿಡಿಸುವಾಗ ದಪ್ಪ ಬೀಜಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಿ. ತಿನ್ನಲು ಎಣ್ಣೆ ತಿಂಡಿ ಬೇಡ, ಬೀಜ ಕೈಗೆ ಅಂಟುತ್ತದೆ. ಮರಳಿನಲ್ಲಿ ಹುರಿದ ಕಡಲೆಕಾಯಿ, ಒಂದು ಬೆಲ್ಲದ ಚೂರು ಸಾಕು. ಅತ್ತೆ ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಆ ಕಾಲದವರಿಗೆ ಗೊತ್ತಿರುವ ನಡೆ ನಮಗೆ ಗೊತ್ತಿರಲ್ಲ. ಅತ್ತೆಯ ಕಾಯಿ ಎರಡು ಮನೆ ಮುಂದೆ ಕೂತು, ನಿಮಗೆ ಎರಡೇ ಬಿದ್ದರೆ ಏನು ಮಾಡೋದು ಅಂತ ಕೇಳ್ತೀರಾ? ಕಡೀರಿ. ಆಮೇಲೆ ಅವರು ನಿಮ್ಮದನ್ನು ಕಡಿದಾಗ ಬೇಜಾರು ಮಾಡ್ಕೋಬೇಡಿ, ಅಷ್ಟೆ.